ಎಲೆ ತಿರುಗಿಸಿ ನೋಡಿದ್ರಾ?

ಜುಲೈ ತಿಂಗಳ ಒಂದು ಬೆಳಿಗ್ಗೆ ಕಾರಿನ ಬಾಗಿಲಿಗೆ ಕೈ ಹಾಕಿದರೆ ಬೆರಳು ಅಂಟಿಕೊಂಡಿತು. ಗಾಜಿನ ತುಂಬ ಸಣ್ಣ ಸಣ್ಣ ಹನಿ, ಸಕ್ಕರೆ ಪಾಕ ಚಿಮುಕಿಸಿದ ಹಾಗೆ. ತಲೆ ಎತ್ತಿ ನೋಡಿದೆ. ಮನೆ ಮುಂದಿನ ಮೇಪಲ್ ಮರದ ಎಲೆಗಳೆಲ್ಲ ಮಿರಮಿರ ಮಿಂಚುತ್ತಿದ್ದವು. ಕೆಲವಕ್ಕೆ ಮಸಿ ಮೆತ್ತಿದಂತಿತ್ತು.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾದಲ್ಲಿ. ಹುಟ್ಟಿ ಬೆಳೆದದ್ದು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಟಗಳ ನಡುವೆ. ಅಣ್ಣನಿಗೆ ಫೋಟೊ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಔಷಧಿ ಹೊಡಿಸು ಕಣೋ, ಲೇಟ್ ಮಾಡಬೇಡ."

ನನ್ನ ತಲೆಯಲ್ಲೂ ಅದೇ ಇತ್ತು. ಹತ್ತಿರದ ನರ್ಸರಿಗೆ ಹೋಗಿ ಔಷಧಿ ಕೇಳಿದೆ. ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು, "ಎಲೆ ತಿರುಗಿಸಿ ನೋಡಿದ್ರಾ?" ಅಂದರು. ಇಲ್ಲ ಅಂದೆ. "ಮೊದಲು ನೋಡಿ ಬನ್ನಿ" ಅಂತ ಬರಿಗೈಯಲ್ಲಿ ಕಳಿಸಿದರು. ಹುಳ ಯಾವುದು ಅಂತ ಗೊತ್ತಾಗದೆ ಬಾಟಲಿ ಮಾರುವುದಿಲ್ಲ ಅನ್ನುವ ಅಂಗಡಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಎಲೆ ತಿರುಗಿಸಿದೆ. ನರಗಳ ಉದ್ದಕ್ಕೂ ಹೇನು ಸಾಲುಗಟ್ಟಿ ಕೂತಿದ್ದವು. ನಮ್ಮ ಅವರೆ ಬಳ್ಳಿಗೆ ಬೀಳುತ್ತವಲ್ಲ, ಆ ಥರದವೇ. ಎಲೆಯ ತೊಟ್ಟು ಮುರಿದರೆ ಹಾಲು ಬಂತು. ಹಾಲು ಬಂದರೆ ಅದು ಸಾಮಾನ್ಯವಾಗಿ ನಾರ್ವೆ ಮೇಪಲ್. ಯುರೋಪಿನ ಮರ. ಇಲ್ಲಿನ ಎಲ್ಮ್ ಮರಗಳು ರೋಗಕ್ಕೆ ಸತ್ತಾಗ ಬೀದಿಬೀದಿಯಲ್ಲಿ ಇದನ್ನು ನೆಟ್ಟರು. ಹೇನಿನ ಕಾಟ ಇದಕ್ಕೆ ಮಾಮೂಲಿ.

ಮರದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಯಲು ಬೇಕಾದ ಸಾರಜನಕ ಕಡಿಮೆ. ಆ ಸ್ವಲ್ಪಕ್ಕಾಗಿ ಹೇನು ಒಂದೇ ಸಮನೆ ಹೀರುತ್ತದೆ, ಮಿಕ್ಕ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಕಾರಿನ ಮೇಲೆ ಬಿದ್ದದ್ದು ಅದೇ. ಮಸಿ ಅಂದರೆ ಆ ಅಂಟಿನ ಮೇಲೆ ಬೆಳೆದ ಕಪ್ಪು ಬೂಷ್ಟು. ಅದು ಎಲೆಯೊಳಗೆ ಇಳಿಯುವುದಿಲ್ಲ.

ಮರುದಿನ ಹೋಗಿ ಹೇಳಿದಾಗ ಆಕೆ ಇನ್ನೊಂದು ಪ್ರಶ್ನೆ ಕೇಳಿದರು. ರೆಂಬೆಗಳ ಮೇಲೆ ಹತ್ತಿ ಉಂಡೆಯಂಥದ್ದು ಇದೆಯಾ? ಇದ್ದರೆ ಅದು ಶಲ್ಕ ಕೀಟ, ರೆಂಬೆಗೆ ಅಂಟಿಕೊಂಡು ರಸ ಹೀರುವ ಹುಳ. ಜಾಸ್ತಿಯಾದರೆ ರೆಂಬೆ ಒಣಗುತ್ತದೆ, ಮರ ಚಿಗುರುವ ಮೊದಲೇ ಎಣ್ಣೆ ಸಿಂಪಡಿಸಬೇಕಾಗುತ್ತದೆ. ನಮ್ಮ ಮರದಲ್ಲಿ ಅದಿರಲಿಲ್ಲ. ಹಾಗಾದರೆ ಇಷ್ಟು ದೊಡ್ಡ ಮರಕ್ಕೆ ಏನೂ ಆಗದು ಅಂದರು. ಕೈಗೆಟಕುವ ಕೊಂಬೆಗಳಿಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ಬುಡದ ಹುಲ್ಲಿಗೆ ಗೊಬ್ಬರ ಕಡಿಮೆ ಮಾಡಿ, ಸಾರಜನಕ ಹೆಚ್ಚಾದಷ್ಟೂ ಎಳೆ ಚಿಗುರು, ಎಳೆ ಚಿಗುರಿಗೇ ಹೇನು. ಇರುವೆ ಹತ್ತದಂತೆ ನೋಡಿಕೊಳ್ಳಿ, ಸಿಹಿಯ ಆಸೆಗೆ ಅವು ಹೇನನ್ನು ಕಾಯುತ್ತವೆ. ಆಮೇಲೆ ಸುಮ್ನೆ ಇರಿ.

ಸುಮ್ನೆ ಇರುವುದೇ ನನಗೆ ಕಷ್ಟವಾಯಿತು. ಹತ್ತು ದಿನ ಕಳೆದ ಮೇಲೆ ಎಲೆಗಳ ಮೇಲೆ ಕಪ್ಪು ಮೈ, ಕಿತ್ತಳೆ ಚುಕ್ಕೆಯ ಮರಿಗಳು ಓಡಾಡತೊಡಗಿದವು. ಇನ್ನೊಂದು ಪೀಡೆ ಅಂದುಕೊಂಡು ಹೊಸಕಲು ಹೋಗಿದ್ದೆ. ಅವು ಗುಲಗಂಜಿ ಹುಳುವಿನ ಮರಿಗಳು, ಹೇನು ತಿಂದೇ ಬೆಳೆಯುವಂಥವು. ಆಗಸ್ಟ್ ಮುಗಿಯುವಷ್ಟರಲ್ಲಿ ಅಂಟು ಬೀಳುವುದು ನಿಂತಿತು.

ನಮ್ಮೂರಲ್ಲಿ ಮಾವು ಹೂ ಬಿಟ್ಟಾಗಲೂ ಇದೇ ಅಂಟು, ಇದೇ ಮಸಿ. ಅಲ್ಲಿ ಅದಕ್ಕೆ ಕಾರಣ ಜಿಗಿಹುಳು. ಅಣ್ಣನ ಜೊತೆ ಔಷಧಿ ಅಂಗಡಿಗೆ ಎಷ್ಟೋ ಸಲ ಹೋಗಿದ್ದೇನೆ. "ಎಷ್ಟು ಎಕರೆ?" ಅಂತ ಕೇಳುತ್ತಾರೆ. "ಯಾವ ಹುಳ?" ಅಂತ ಕೇಳಿದ್ದು ನೆನಪಿಲ್ಲ. ವಿಷಕ್ಕೆ ನಾವು ಔಷಧಿ ಅಂತ ಹೆಸರಿಟ್ಟಿದ್ದೇವೆ. ಔಷಧಿ ಅಂದಮೇಲೆ ಜಾಸ್ತಿ ಕೊಟ್ಟರೆ ಬೇಗ ವಾಸಿ ಅನ್ನಿಸುತ್ತದೆ, ಅಲ್ವಾ? ಹೂ ಪೂರ್ತಿ ಅರಳಿರುವಾಗಲೂ ಹೊಡೆಯುತ್ತಾರೆ. ಪರಾಗ ತರುವ ನೊಣ, ಜೇನು ಸಾಯುತ್ತವೆ. ಹುಳ ತಿನ್ನುವ ಹುಳವೂ ಸಾಯುತ್ತದೆ. ಹದಿನೈದು ದಿನಕ್ಕೆ ಮತ್ತೆ ಅದೇ ಅಂಗಡಿ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಒಂಟಾರಿಯೊದಲ್ಲಿ 2009ರಿಂದ ಮನೆಯಂಗಳದ ಅಂದಕ್ಕಾಗಿ ರಾಸಾಯನಿಕ ಕೀಟನಾಶಕ ಹೊಡೆಯುವುದಕ್ಕೆ ನಿಷೇಧವಿದೆ. ನಮ್ಮಲ್ಲಿ ಗುಲಾಬಿ ಕುಂಡಕ್ಕೂ ಹೊಡೆಯುತ್ತೇವೆ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. "ನಿನ್ನ ಮರದಲ್ಲಿ ಏನು ಬಿಡುತ್ತೆ?" ಅಂದ. ಏನೂ ಇಲ್ಲ, ನೆರಳು ಅಂದೆ. "ನನಗೆ ವರ್ಷಕ್ಕೆ ಒಂದೇ ಸಲ ಹೂವು. ಅದು ಹೋದರೆ ಸಾಲ ಹಾಗೇ ನಿಲ್ಲುತ್ತೆ." ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇಲ್ಲಿನ ನಿಷೇಧವೂ ಬೇಸಾಯಕ್ಕೆ ಅನ್ವಯಿಸುವುದಿಲ್ಲ. ಒಂಟಾರಿಯೊದ ಸೇಬಿನ ತೋಟದವರೂ ಹೊಡೆಯುತ್ತಾರೆ. ಕಾಯುವುದು ನನಗೆ ಸಾಧ್ಯವಾಯಿತು, ಯಾಕೆಂದರೆ ನಾನು ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಇನ್ನೊಂದು ವಿಷಯ ಆ ರಾತ್ರಿ ನೆನಪಾಯಿತು. ಹಿತ್ತಲ ಅವರೆ ಚಪ್ಪರಕ್ಕೆ ಹೇನು ಬಿದ್ದರೆ ಅಮ್ಮ ಇಬ್ಬನಿ ಆರುವ ಮೊದಲೇ ಒಲೆ ಬೂದಿ ಎರಚುತ್ತಿದ್ದಳು. ಎರಚುವ ಮುಂಚೆ ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದಳು. ಬೂದಿ ಮೊರ ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಈ ಸಲ ಹೂ ಬಿಡುವಾಗ ಹುಳ ಎಷ್ಟಿದೆ ಅಂತ ನೋಡಿ ಆಮೇಲೆ ಹೊಡಿ ಅಂತ ಅಣ್ಣನನ್ನು ಕೇಳಿಕೊಂಡಿದ್ದೇನೆ. "ಜನವರಿಗೆ ಬಾ, ಇಬ್ಬರೂ ನೋಡೋಣ" ಅಂದಿದ್ದಾನೆ. ನಾನು ಮಾವಿನ ಹೂ ನೋಡಿ ಹನ್ನೊಂದು ವರ್ಷವಾಯಿತು.