ಸಜ್ಜನರ ಸೊಂಟದ ಪಿಸ್ತೂಲು

ಅಮೆರಿಕದ ಟೆಕ್ಸಾಸ್ ರಾಜ್ಯದ ಆ ಹ್ಯೂಸ್ಟನ್ ವಿಡಿಯೋ ಮತ್ತೆ ಬಂದಿದೆ. 2023ರ ಜನವರಿಯದ್ದು, ಆದ್ರೂ ನಮ್ಮ ಫ್ಯಾಮಿಲಿ ಗ್ರೂಪಿಗೆ ಪ್ರತಿ ಸಲವೂ ಅದು ಬ್ರೇಕಿಂಗ್ ನ್ಯೂಸೇ. ಈ ಸಲ ಯಾರೋ ಪುಣ್ಯಾತ್ಮರು ಹಿಂದ್ಗಡೆ ಡೊಳ್ಳಿನ ಸದ್ದು ಸೇರಿಸಿದಾರೆ, ಮೇಲ್ಗಡೆ "ಗಂಡಸು ಅಂದ್ರೆ ಹೀಗಿರ್ಬೇಕು" ಅಂತ ಹಳದಿ ಅಕ್ಷರ. ನೀವೂ ನೋಡಿರ್ತೀರ ಬಿಡಿ. ರಾತ್ರಿ ಹನ್ನೊಂದೂವರೆ ಹೊತ್ತು, ಟಾಕೊ ಹೋಟ್ಲು, ಮುಖ ಮುಚ್ಕೊಂಡೋನೊಬ್ಬ ಪಿಸ್ತೂಲ್ ತೋರಿಸ್ತಾ ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ದುಡ್ಡು ವಸೂಲಿ ಮಾಡ್ತಾನೆ, ಮುಗಿಸಿ ಬಾಗಿಲ ಕಡೆ ತಿರುಗ್ತಾನೆ, ಅಲ್ಲೇ ಊಟಕ್ಕೆ ಕೂತಿದ್ದ ಗಿರಾಕಿ ಒಬ್ಬ ಬಚ್ಚಿಟ್ಕೊಂಡಿದ್ದ ಗನ್ ತೆಗೆದು ಹಿಂದಿನಿಂದ ಢಂ ಢಂ ಢಂ. ಒಟ್ಟು ಒಂಬತ್ತು.

ಆಮೇಲೆ ಆ ಗಿರಾಕಿ ಮಾಡಿದ್ದು ನನಗೆ ಭಾಳ ಹಿಡಿಸ್ತು. ಬಿದ್ದೋನ ಹತ್ರ ಇದ್ದ ದುಡ್ಡು ಎತ್ಕೊಂಡು ಉಳಿದೋರಿಗೆಲ್ಲ ವಾಪಸ್ ಕೊಟ್ಟ! ಇಷ್ಟು ಫಾಸ್ಟ್ ರೀಫಂಡು ಪ್ರಪಂಚದಲ್ಲಿ ಎಲ್ಲೂ ಇಲ್ಲ, ನಮ್ಮಲ್ಲಿ ಕ್ಯಾನ್ಸಲ್ ಆದ ಬಸ್ ಟಿಕೆಟ್ ದುಡ್ಡಿಗೆ ಏಳು ವರ್ಕಿಂಗ್ ಡೇಸ್ ಅಂತಾರೆ, ಆಮೇಲೆ ಫೋನೂ ಎತ್ತಲ್ಲ. ಈ ಮನುಷ್ಯ ಓಟಿಪಿ ಕೇಳಲಿಲ್ಲ, ಫಾರಂ ತುಂಬಿಸಲಿಲ್ಲ, ಕೊಡೋದು ಕೊಟ್ಟು ಪೊಲೀಸರು ಬರೋದ್ರೊಳಗೆ ಪಿಕಪ್ ಹತ್ತಿ ಹೊರಟೇ ಹೋದ.

ಗ್ರೂಪಿನ ವಿಡಿಯೋದಲ್ಲಿ ಹಳದಿ ಅಕ್ಷರ ಹೇಳದೇ ಇರೋದು ಎರಡು. ಒಂದು, ಆ ಕಳ್ಳನ ಕೈಲಿದ್ದದ್ದು ಪ್ಲಾಸ್ಟಿಕ್ ಪಿಸ್ತೂಲು. ಇನ್ನೊಂದು, ಒಂಬತ್ತನೇ ಗುಂಡು ಹಾರಿದಾಗ ಅವನು ಆಗಲೇ ನೆಲದ ಮೇಲೆ ಬಿದ್ದಿದ್ದ, ಅದು ಹತ್ತಿರದಿಂದ, ತಲೆಗೆ.

ಪೊಲೀಸರು ಗಿರಾಕಿಯ ಫೋಟೋ ಹಾಕಿ ಸ್ವಲ್ಪ ಮಾತಾಡ್ಬೇಕು ಅಂತ ಕರೆದ್ರು, ಆ ಗಿರಾಕಿ ಲಾಯರ್ ಇಟ್ಕೊಂಡ, ಜೂನಲ್ಲಿ ಹ್ಯಾರಿಸ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ, ಅಂದ್ರೆ ಕೇಸ್ ಹಾಕ್ಬೇಕೋ ಬೇಡ್ವೋ ಅಂತ ತೀರ್ಮಾನಿಸೋ ನಾಗರಿಕರ ಗುಂಪು, ಕೇಸೇ ಬೇಡ ಅಂತು. ಟೆಕ್ಸಾಸ್ ಕಾನೂನು ಹಾಗಿದೆ. ಅಲ್ಲಿ ಜೀವ ಉಳಿಸ್ಕೊಳ್ಳೋಕೆ ಮಾತ್ರ ಅಲ್ಲ, ವಸ್ತು ಉಳಿಸ್ಕೊಳ್ಳೋಕೂ ಗುಂಡು ಹಾರಿಸಬಹುದು, ದರೋಡೆ ಮಾಡಿ ಓಡ್ತಾ ಇರೋನಿಗೂ ಹಾರಿಸಬಹುದು. ಇನ್ನೂ ಚಂದದ ಒಂದು ಕಲಂ ಇದೆ, ಬರೀ ಕಳ್ಳತನ ಆದ್ರೆ ಅದು ರಾತ್ರಿ ಹೊತ್ತು ನಡೆದಿರ್ಬೇಕಂತೆ. ಅಂದ್ರೆ ಹಗಲಲ್ಲಿ ಸೈಕಲ್ ಕದ್ದೋನಿಗೆ ಒಂದು ಶಾಸ್ತ್ರ, ಕತ್ತಲಾದ ಮೇಲೆ ಅದೇ ಸೈಕಲ್ ಕದ್ದೋನಿಗೆ ಇನ್ನೊಂದು ಶಾಸ್ತ್ರ. ನಮ್ಮಲ್ಲಿ ಪಂಚಾಂಗ ನೋಡಿ ಪ್ರಯಾಣ ಹೊರಡೋರಿದ್ರು, ಅಲ್ಲಿನ ಕಳ್ಳರು ಸೂರ್ಯಾಸ್ತದ ಟೈಮ್ ನೋಡ್ಕೊಂಡು ಹೊರಡ್ಬೇಕು.

ಒಂದು ಮಾತು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಡಲ್ಲಾಸಲ್ಲಿರೋ ನಮ್ಮ ಭಾವ ಫೋನ್ ಮಾಡಿ ಬೈತಾರೆ. ಅಲ್ಲಿ ಕೂತಿದ್ದೋರಿಗೆ ಅದು ಪ್ಲಾಸ್ಟಿಕ್ಕು ಅಂತ ಗೊತ್ತಿರಲಿಲ್ಲ, ಆ ಕಳ್ಳನೂ ಸಾಧು ಏನಲ್ಲ, ಹಳೇ ದರೋಡೆ ಕೇಸಲ್ಲಿ ಜೈಲು ನೋಡಿ ಪೆರೋಲ್ ಮೇಲೆ ಬಂದಿದ್ದೋನು. ಎದುರಿಗೆ ಪಿಸ್ತೂಲ್ ಹಿಡಿದು ನಿಂತ್ರೆ ನನಗೂ ಕೈಕಾಲು ಆಡಲ್ಲ. ಮೊದಲಿನ ಗುಂಡುಗಳು ಭಯದ್ದು ಅಂತ ಒಪ್ಕೊಳ್ಳೋಣ. ಕೊನೇದಕ್ಕೆ ಡೊಳ್ಳು ಬಾರಿಸ್ತೀರಲ್ಲ, ಅದಕ್ಕೆ ಏನನ್ನೋದು.

ಈ ಸಿದ್ಧಾಂತಕ್ಕೆ ಒಬ್ಬ ಗುರುಗಳಿದ್ರು, ವೇಯ್ನ್ ಲಪಿಯೇರ್, ಅಮೆರಿಕದ ಗನ್ ಪ್ರಿಯರ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಯಜಮಾನರು. 2012ರ ಡಿಸೆಂಬರಲ್ಲಿ ಸ್ಯಾಂಡಿ ಹುಕ್ ಶಾಲೇಲಿ ಗುಂಡೇಟಿಗೆ ಮಕ್ಕಳು ಸತ್ತು ಒಂದು ವಾರಕ್ಕೆ ಬಂದು, ಗನ್ ಹಿಡಿದ ಕೆಟ್ಟವನನ್ನ ನಿಲ್ಲಿಸೋಕೆ ಆಗೋದು ಗನ್ ಹಿಡಿದ ಒಳ್ಳೆಯವನಿಂದ ಮಾತ್ರ ಅಂದೋರು ಇವರೇ. ಆ ಮಾತು ಇವತ್ತಿಗೂ ಟೀ ಶರ್ಟ್ ಮೇಲೆ ಓಡಾಡ್ತಿದೆ. ಗುರುಗಳ ಗುರಿ ಹೇಗಿತ್ತು ಅನ್ನೋದಕ್ಕೂ ಒಂದು ವಿಡಿಯೋ ಇದೆ, ಅದು ಮಾತ್ರ ನಮ್ಮ ಗ್ರೂಪಿಗೆ ಬರಲ್ಲ. 2013ರಲ್ಲಿ ಬೋಟ್ಸ್ವಾನಾಗೆ ಆನೆ ಬೇಟೆಗೆ ಹೋಗಿದ್ರು, ಟೀವಿ ಕಾರ್ಯಕ್ರಮಕ್ಕೆ ಅಂತ ಶೂಟಿಂಗ್ ಆಗಿತ್ತು, ಯಾಕೋ ಪ್ರಸಾರ ಆಗಲೇ ಇಲ್ಲ, 2021ರಲ್ಲಿ ಹೊರಗೆ ಬಂತು. ಯಾಕೆ ಅಂತ ನೋಡಿದ್ರೇ ಗೊತ್ತಾಗುತ್ತೆ. ಗಾಯ ಆಗಿ ಬಿದ್ದಿರೋ ಆನೆ, ಪಕ್ಕದಲ್ಲಿ ಗೈಡು ಇಲ್ಲಿ ಹೊಡೀರಿ ಅಂತ ತೋರಿಸ್ತಿದಾನೆ, ಇವರು ಹತ್ತಿರದಿಂದ ಮತ್ತೆ ಮತ್ತೆ ಹೊಡೀತಾರೆ, ಆನೆ ಸಾಯಲ್ಲ. ಕೊನೆಗೆ ಜೊತೇಲಿದ್ದ ಇನ್ನೊಬ್ರು ಬಂದು ಮುಗಿಸಿದ್ರು. ಅಷ್ಟು ದೊಡ್ಡ ಆನೆ! ಅದೂ ಅಲುಗಾಡದೆ ಬಿದ್ದಿರೋದು! ಇಂಥವರು ಕತ್ತಲಲ್ಲಿ, ಹತ್ತು ಜನ ಕೂತಿರೋ ಹೋಟ್ಲಲ್ಲಿ, ಓಡಾಡ್ತಿರೋ ಕಳ್ಳನ್ನ ಹೊಡೆದು ನಮ್ಮನ್ನೆಲ್ಲ ಕಾಪಾಡ್ತಾರಂತೆ. ಸಾಂಬಾರ್ ಬಡಿಸ್ತಿರೋ ಮಾಣಿ ಮೊದ್ಲು ಮನೆಗೆ ಹೋಗಪ್ಪ.

ದರೋಡೆ ವಿಷಯಕ್ಕೇ ಬರೋದಾದ್ರೆ, ಈ ಗುರುಗಳ ಸ್ವಂತ ಆಫೀಸಲ್ಲೇ ವರ್ಷಗಟ್ಟಲೆ ಗುಂಡು ಹಾರದ ವ್ಯವಹಾರ ನಡೀತಿತ್ತು. ಪ್ರೈವೇಟ್ ಜೆಟ್ಟು, ಬಹಾಮಾಸ್ ಟ್ರಿಪ್ಪು, ಬೆವರ್ಲಿ ಹಿಲ್ಸ್ ಅಂಗಡಿಯಿಂದ ಎರಡೂವರೆ ಲಕ್ಷ ಡಾಲರಿಗೂ ಮೇಲಿನ ಸೂಟುಗಳು. 2024ರ ಫೆಬ್ರವರಿಲಿ ನ್ಯೂಯಾರ್ಕಿನ ಜ್ಯೂರಿ ಸಂಘಕ್ಕೆ ಇವರಿಂದ 54 ಲಕ್ಷ ಡಾಲರ್ ನಷ್ಟ ಆಗಿದೆ ಅಂತು, ಅಷ್ಟಿಷ್ಟು ಮೊದ್ಲೇ ಕಟ್ಟಿದ್ರು, ಉಳಿದ 43 ಲಕ್ಷ ಚಿಲ್ಲರೆ ವಾಪಸ್ ಕಟ್ಟಿ ಅಂತು. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಗನ್ ಇರೋ ಸದಸ್ಯರ ಸಂಘ ಸ್ವಾಮಿ ಅದು, ಖಜಾನೆ ಖಾಲಿ ಆಗ್ತಿದ್ರೆ ಒಬ್ಬನ ಸೊಂಟದ ಪಿಸ್ತೂಲೂ ಈಚೆ ಬರಲಿಲ್ಲ. ನಿಜವಾದ ದುಡ್ಡು ಹೋಗೋದೇ ಹೀಗೆ, ಬಿಲ್ ಸಮೇತ.

ಟೆಕ್ಸಾಸಲ್ಲಿ 2021ರ ಸೆಪ್ಟೆಂಬರಿಂದ 21 ದಾಟಿದ ಸಾಮಾನ್ಯ ನಾಗರಿಕ ಲೈಸೆನ್ಸಿಲ್ಲದೇ ಪಿಸ್ತೂಲ್ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡಬಹುದು, ಟ್ರೈನಿಂಗೂ ಬೇಡ, ಪರೀಕ್ಷೆನೂ ಬೇಡ. ಅದೇ ರಾಜ್ಯದಲ್ಲಿ ಜನರ ತಲೆಗೂದಲು ಕತ್ತರಿಸೋ ಲೈಸೆನ್ಸಿಗೆ 1000 ಗಂಟೆ ಕಲಿತಿರ್ಬೇಕು. ಹೌದಲ್ವಾ, ಕಿವಿ ಹತ್ರ ಕತ್ತರಿ ಆಡಿಸೋದು ಅಂದ್ರೆ ಅಪಾಯದ ಕೆಲಸ.

ನಮ್ಮಂಗಡಿಗೆ ಗನ್ ತರಬೇಡಿ ಅನ್ನೋಕೂ ಅಲ್ಲೊಂದು ಕ್ರಮ ಇದೆ. ಲೈಸೆನ್ಸ್ ಇಲ್ಲದೋರಿಗೆ 30.05 ಅಂತ ಒಂದು ಬೋರ್ಡು, ಲೈಸೆನ್ಸ್ ಇದ್ದು ಬಚ್ಚಿಟ್ಕೊಂಡೋರಿಗೆ 30.06 ಅಂತ ಇನ್ನೊಂದು, ಲೈಸೆನ್ಸ್ ಇದ್ದು ಕಾಣೋ ಹಾಗೆ ಇಟ್ಕೊಂಡೋರಿಗೆ 30.07 ಅಂತ ಮತ್ತೊಂದು. ಇಂಗ್ಲಿಷಲ್ಲೂ ಸ್ಪ್ಯಾನಿಷಲ್ಲೂ ಇರ್ಬೇಕು, ಅಕ್ಷರ ಒಂದಿಂಚಿಗೆ ಕಮ್ಮಿ ಇರೋ ಹಾಗಿಲ್ಲ, ಬಣ್ಣ ಎದ್ದು ಕಾಣ್ಬೇಕು. ಮೂರೂ ಹಾಕಿದ್ರೆ ಬಾಗಿಲಲ್ಲಿ ಗಾಜು ಉಳಿಯಲ್ಲ. ಸಜ್ಜನರು ನಿಂತು ಓದಿ, ಛೇ ಅಂದ್ಕೊಂಡು, ಪಿಸ್ತೂಲ್ ತಗೊಂಡೋಗಿ ಕಾರಲ್ಲಿ ಇಟ್ಟು ಬರ್ತಾರೆ. ಕಳ್ಳನಿಗೆ ಬೇಕಾಗಿದ್ದೂ ಅದೇ. ಅಮೆರಿಕದಲ್ಲಿ 2017ರಿಂದ 2021ರೊಳಗೆ ಹತ್ತು ಲಕ್ಷಕ್ಕೂ ಮೇಲೆ ಗನ್ನು ಕಳುವಾಗಿದೆ, ಬಹುಪಾಲು ನಿಮ್ಮ ನಮ್ಮಂಥ ಖಾಸಗಿ ಜನರದ್ದೇ, ನಗರಗಳ ಲೆಕ್ಕ ತೆಗೆದ್ರೆ ಹತ್ತಿರ ಹತ್ತಿರ ಅರ್ಧ ಕಾರುಗಳಿಂದಲೇ. ಕಳ್ಳನಿಗೆ ಹೆದರಿ ಗನ್ ತಗೊಳ್ಳೋದು, ಅದನ್ನ ಕಳ್ಳ ತಗೊಂಡೋಗೋದು, ಆ ಕಳ್ಳನಿಗೆ ಹೆದರಿ ಪಕ್ಕದ ಮನೆಯೋರು ಇನ್ನೊಂದು ತಗೊಳ್ಳೋದು. ಇಂಥ ಬಿಸಿನೆಸ್ ಮಾಡೆಲ್ಲಿಗೆ ಯಾವ ಸ್ಟಾರ್ಟಪ್ಪೂ ಸಾಟಿ ಇಲ್ಲ.

ಕಾರಲ್ಲಿ ಇಡದೇ ಇದ್ದೋರು ಏರ್‌ಪೋರ್ಟಿಗೆ ತರ್ತಾರೆ. 2023ರಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳ ಚೆಕಿಂಗಲ್ಲಿ ಸಿಕ್ಕಿದ ಗನ್ನು 6,737, ಅದರಲ್ಲಿ ನೂರಕ್ಕೆ 93 ಗುಂಡು ತುಂಬಿದ್ದು. ಸಿಕ್ಕಿಬಿದ್ದೋರು ಸಾಮಾನ್ಯವಾಗಿ ಹೇಳೋದು ಒಂದೇ, ಬ್ಯಾಗಲ್ಲಿರೋದು ಮರ್ತೇ ಹೋಗಿತ್ತು. ಚಾರ್ಜರ್ ಮರೆಯಲ್ಲ, ಗುಂಡು ತುಂಬಿದ ಪಿಸ್ತೂಲ್ ಮರೀತಾರೆ, ಕಳ್ಳ ಎದುರು ಬಂದ ಕ್ಷಣ ಮಾತ್ರ ಟಕ್ ಅಂತ ನೆನಪಾಗುತ್ತಂತೆ!

ಗ್ರೂಪಲ್ಲಿ ಇದನ್ನೆಲ್ಲ ಬರೆದ್ರೆ ಒಬ್ರು ಇಪ್ಪತ್ತೈದು ಲಕ್ಷದ ಲೆಕ್ಕ ತಂದು ಹಾಕ್ತಾರೆ, ವರ್ಷಕ್ಕೆ ಅಷ್ಟು ಸಲ ಅಮೆರಿಕನ್ನರು ಗನ್ನಿಂದ ಆತ್ಮರಕ್ಷಣೆ ಮಾಡ್ಕೋತಾರೆ ಅಂತ. ಅದು 1995ರಲ್ಲಿ ಬಂದ ಲೆಕ್ಕ, ಸುಮಾರು 5,000 ಜನಕ್ಕೆ ಫೋನ್ ಮಾಡಿ ಕೇಳಿ ಇಡೀ ದೇಶಕ್ಕೆ ಗುಣಿಸಿದ್ದು. ಸರ್ಕಾರದ ಅಪರಾಧ ಸಮೀಕ್ಷೆ ಹೇಳೋದು ಲಕ್ಷದ ಆಸುಪಾಸು, ಅದಕ್ಕೂ ಕಮ್ಮಿನೇ. ತೀರ್ಥಹಳ್ಳಿ ಕಡೆ ಫೋನ್ ಮಾಡಿ ಚಿರತೆ ಓಡಿಸಿದೀರಾ ಅಂತ ಕೇಳಿ ರಾಜ್ಯಕ್ಕೆಲ್ಲ ಗುಣಿಸಿದ್ರೆ ಕರ್ನಾಟಕದಲ್ಲಿ ಮನುಷ್ಯರಿಗಿಂತ ಚಿರತೆನೇ ಜಾಸ್ತಿ ಇರ್ತವೆ. ಆದ್ರೆ ಹೆಣದ ಲೆಕ್ಕ ಫೋನ್ ಮಾಡಿ ಕೇಳೋದಲ್ಲ. 2023ರಲ್ಲಿ ಗುಂಡಿಗೆ ಸತ್ತೋರು 46 ಸಾವಿರ ದಾಟಿದ್ರು, ಅದರಲ್ಲಿ 27 ಸಾವಿರ ಜನ ತಮಗೆ ತಾವೇ ಹೊಡ್ಕೊಂಡೋರು. ಕಳ್ಳನಿಗೆ ಅಂತ ತಂದು ದಿಂಬಿನ ಕೆಳಗೆ ಇಟ್ಟದ್ದು, ಕಳ್ಳ ಬರಲೇ ಇಲ್ಲ, ಕೆಟ್ಟ ರಾತ್ರಿ ಬಂತು. ಇದಕ್ಕೆ ಯಾರೂ ಮ್ಯೂಸಿಕ್ ಹಾಕಿ ಕಳ್ಸಲ್ಲ.

ಈಗ ನಮ್ಮ ಚಿಕ್ಕಪ್ಪಂದು ಒಂದೇ ವರಾತ, "ನಮ್ಮಲ್ಲೂ ಹಿಂಗೇ ಬಿಡ್ಬೇಕು ಕಣಯ್ಯಾ, ಬೀದರ್ ನೋಡ್ಲಿಲ್ವಾ." ನೋಡಿದೀನಿ ಚಿಕ್ಕಪ್ಪ. 2025ರ ಜನವರಿಲಿ ಹಾಡಹಗಲೇ ಎಟಿಎಂಗೆ ದುಡ್ಡು ತಂದೋರ ಮೇಲೆ ಗುಂಡು ಹಾರಿಸಿ, ಒಬ್ಬರ ಪ್ರಾಣ ತೆಗೆದು, ಪೆಟ್ಟಿಗೆ ಬೈಕಲ್ಲಿಟ್ಕೊಂಡು ಹೋದ್ರು. ದುಡ್ಡಿನ ಜೊತೆ ಗನ್‌ಮ್ಯಾನ್ ಇಲ್ಲ ಅಂತ ಆಗ ಎಲ್ರೂ ಬೊಬ್ಬೆ ಹೊಡೆದ್ವಿ. ಅದೇ ವರ್ಷ ನವೆಂಬರಲ್ಲಿ ಬೆಂಗಳೂರಲ್ಲಿ 7 ಕೋಟಿ ಚಿಲ್ಲರೆ ಹೋಯ್ತಲ್ಲ, ಆ ವ್ಯಾನಲ್ಲಿ ಗನ್‌ಮ್ಯಾನೂ ಇದ್ರು, ಗನ್ನೂ ಇತ್ತು. ಬಂದೋರು ಆರ್‌ಬಿಐ ಅಂದ್ರು, ಇವರು ಇಳಿದ್ರು, ಅಷ್ಟೇ. ಆಮೇಲೆ ಸಿಕ್ಕಿಬಿದ್ದೋರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ಲೂ ಇದ್ದ. ಈ ಕಥೇಲಿ ಒಳ್ಳೆಯವನು ಯಾರು, ಅವನ ಗನ್ ಎಲ್ಲಿತ್ತು, ನೀವೇ ಹೇಳಿ ಚಿಕ್ಕಪ್ಪ. ಕೋವಿ ಇಟ್ಕೊಂಡಿರೋರು ನಮ್ಮಲ್ಲೂ ಇದಾರೆ, ಕೊಡವರಿಗೆ, ಕೊಡಗಿನ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸ್ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟೂ ಅದು ಸರಿ ಅಂತು. ಆದ್ರೆ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡೋ ಕೋವಿ ಅದು, ಪ್ಯಾಂಟಿನೊಳಗೆ ತುರುಕಿಕೊಂಡು ಹೋಟ್ಲಿಗೆ ತಿಂಡಿಗೆ ಬರೋದಲ್ಲ.

ಇನ್ನೊಂದು ಪ್ರಶ್ನೆ ಯಾರೂ ಕೇಳಲ್ಲ. ಪೊಲೀಸರು ಓಡಿ ಬಂದಾಗ ಗನ್ ಹಿಡಿದು ನಿಂತೋರಲ್ಲಿ ಒಳ್ಳೆಯವನು ಯಾರು ಅಂತ ಹೇಗೆ ಗೊತ್ತಾಗ್ಬೇಕು? 2021ರ ಜೂನಲ್ಲಿ ಕೊಲರಾಡೋದ ಆರ್ವಾಡಾದಲ್ಲಿ ಪೊಲೀಸ್ ಅಧಿಕಾರಿನ ಕೊಂದೋನನ್ನ ಒಬ್ಬ ನಾಗರಿಕ ತನ್ನ ಪಿಸ್ತೂಲಿಂದ ಹೊಡೆದು ನಿಲ್ಲಿಸಿದ, ಅವನ ರೈಫಲ್ ಎತ್ಕೊಂಡ, ಆಮೇಲೆ ಬಂದ ಪೊಲೀಸ್ ಈತನನ್ನೇ ಗುಂಡಿಟ್ಟು ಕೊಂದ. 2018ರಲ್ಲಿ ಅಲಬಾಮಾದ ಹೂವರ್ ಮಾಲಲ್ಲಿ ಗುಂಡಿನ ಸದ್ದು ಕೇಳಿ ಗನ್ ತೆಗೆದ 21ರ ಕಪ್ಪು ಹುಡುಗನ್ನ ಪೊಲೀಸರು ಗುಂಡಿಟ್ಟು ಕೊಂದ್ರು, ಮೊದಲು ಇವನೇ ಅಪರಾಧಿ ಅಂತ ಹೇಳಿಕೆನೂ ಕೊಟ್ರು, ಆಮೇಲೆ ಅಲ್ಲ ಅಂದ್ರು. ಅಲ್ಲ ಅಂದ್ರೆ ಆಯ್ತಾ? ಅಲ್ಲಿ ಸಜ್ಜನ ಅನ್ನಿಸ್ಕೊಳ್ಳೋಕೂ ಚರ್ಮದ ಬಣ್ಣ ಒಪ್ಪಿಗೆ ಆಗ್ಬೇಕು.

2022ರ ಮೇ 24, ಅದೇ ಟೆಕ್ಸಾಸಿನ ಉವಾಲ್ಡೆ, ಗನ್ ಹಿಡಿದೋನೊಬ್ಬ ಶಾಲೆಗೆ ನುಗ್ಗಿದ್ದ. ಅವತ್ತು ಗನ್ ಹಿಡಿದ ಒಳ್ಳೆಯವರು ಒಬ್ಬಿಬ್ಬರಲ್ಲ, 376 ಜನ ಶಾಲೆ ಹತ್ರ ಬಂದಿದ್ರು, ಸಂಬಳ ತಗೊಳ್ಳೋರು, ಟ್ರೈನಿಂಗ್ ಆದೋರು. 77 ನಿಮಿಷ ಕಾಯ್ದ್ರು. ಒಳಗೆ ಸತ್ತೋರು 19 ಮಕ್ಕಳು, ಇಬ್ಬರು ಟೀಚರ್. ಇದರ ಬಗ್ಗೆ ತಮಾಷೆ ಮಾಡೋಕೆ ನನಗೆ ಬರಲ್ಲ.

ಮೂರು ದಿನಕ್ಕೆ ಹ್ಯೂಸ್ಟನ್ನಲ್ಲಿ ರೈಫಲ್ ಅಸೋಸಿಯೇಷನ್ ಸಮಾವೇಶ, ಮುಂದಕ್ಕೂ ಹಾಕಲಿಲ್ಲ. ಟ್ರಂಪ್ ಮಾತಾಡೋ ಹಾಲಿಗೆ ಮಾತ್ರ ಗನ್ ತರೋ ಹಾಗಿರಲಿಲ್ಲ, ಸೀಕ್ರೆಟ್ ಸರ್ವಿಸ್ ಆರ್ಡರ್ರು, ಅಷ್ಟೂ ಸಜ್ಜನರು ಮೆಟಲ್ ಡಿಟೆಕ್ಟರ್ ದಾಟಿ ಬರೀ ಸೊಂಟದಲ್ಲಿ ಒಳಗೆ ಹೋಗಿ ಕೂತ್ರು. ಅಲ್ಲಿ ನಿಂತು ಟ್ರಂಪ್ ಕೊಟ್ಟ ಪರಿಹಾರಗಳಲ್ಲಿ ಒಂದು, ಟೀಚರಮ್ಮಂದಿರು ಕ್ಲಾಸಲ್ಲಿ ಪಿಸ್ತೂಲ್ ಬಚ್ಚಿಟ್ಕೊಳ್ಳೋಕೆ ಬಿಡಿ ಅಂತ. ಹಾಲಲ್ಲಿ ಚಪ್ಪಾಳೆ.