ಎಲೇ ಮುದುಕಿ, ಕೊಂದೆಯಲ್ಲೇ ನನ್ನ!

ಡಬ್ಲಿನ್ ನಗರದ ಒಂದು ಹಳೆಯ ಸಂಗೀತದ ಅಂಗಡಿಯಲ್ಲಿ, ಎಪ್ಪತ್ತರ ಆಸುಪಾಸಿನ ಒಬ್ಬ ಗೌರವಸ್ಥ ಮಹಿಳೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ, ನಾನು ಅವರೆದುರು ನಿಂತು, ಗಂಟಲು ಸರಿಮಾಡಿಕೊಂಡು, ನಮಸ್ಕಾರವನ್ನೂ ಹೇಳದೆ, "ಓಲ್ಡ್ ಹ್ಯಾಗ್, ಯು ಹ್ಯಾವ್ ಕಿಲ್ಡ್ ಮಿ" ಎಂದುಬಿಟ್ಟೆ. ಎಲೇ ಮುದುಕಿ, ಕೊಂದೆಯಲ್ಲೇ ನನ್ನ, ಎಂದು. ಅದು ಬಾಥಿ ಬ್ಯಾಂಡ್ ಎಂಬ ಐರಿಷ್ ತಂಡ 1976ರಲ್ಲಿ ಹೊರತಂದ ಆಲ್ಬಮ್ಮಿನ ಹೆಸರು. ಕಚೇರಿಯ ಗೆಳೆಯನೊಬ್ಬ ಬರೆದುಕೊಟ್ಟಿದ್ದ ಚೀಟಿಯಲ್ಲಿ ಆ ಹೆಸರು ಎಲ್ಲಕ್ಕಿಂತ ಮೇಲಿತ್ತು. ವಾಕ್ಯದ ಮುಂದೆ "ಎಂಬ ಆಲ್ಬಂ ಇದೆಯೇ" ಎಂದು ಸೇರಿಸಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆನಾದರೂ ಆ ಗಳಿಗೆಯಲ್ಲಿ ಅದೊಂದು ತುಂಡು ನಾಲಿಗೆಗೆ ಬರಲಿಲ್ಲ. ಆಕೆ ಕನ್ನಡಕವನ್ನು ಮೂಗಿನ ಮೇಲೇರಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇನ್ನೂ ಇಲ್ಲಪ್ಪ, ಆದರೆ ಅಂಗಡಿ ಮುಚ್ಚುವುದಕ್ಕೆ ಇನ್ನೂ ಎರಡು ಗಂಟೆ ಇದೆ" ಎಂದರು.

ಇಷ್ಟಕ್ಕೆಲ್ಲ ಮೂಲ, ನಾನು ಆ ದೇಶಕ್ಕೆ ಕೆಲಸಕ್ಕೆ ಹೋದ ಹೊಸದರಲ್ಲಿ ಕೇಳಿದ ಒಂದು ನಿರುಪದ್ರವಿ ಪ್ರಶ್ನೆ. ಮೈಸೂರಿನ ಹಾಸ್ಟೆಲ್ ದಿನಗಳಲ್ಲಿ ಐರಿಷ್ ಗಾಯಕಿ ಎನ್ಯಾ ಅವರ 1988ರ 'ವಾಟರ್‌ಮಾರ್ಕ್' ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದ್ದ ಧೈರ್ಯದಿಂದ, ಮಧ್ಯಾಹ್ನದ ಊಟದ ಮೇಜಿನಲ್ಲಿ, "ನನಗೆ ಸೆಲ್ಟಿಕ್ ಸಂಗೀತವೆಂದರೆ ಬಹಳ ಇಷ್ಟ, ಒಂದು ಒಳ್ಳೆಯ ಆಲ್ಬಂ ಹೇಳಿ" ಎಂದಿದ್ದೆ. ಸೆಲ್ಟಿಕ್ ಎನ್ನುವುದು ಗ್ಲಾಸ್ಗೋದ ಫುಟ್‌ಬಾಲ್ ತಂಡವೆಂದೂ, ಸಂಗೀತಕ್ಕೆ ಕೆಲ್ಟಿಕ್ ಎನ್ನಬೇಕೆಂದೂ ಒಬ್ಬರು ತಿದ್ದಿದರು. ಕೆಲ್ಟಿಕ್ ಎನ್ನುವುದು ಅಂಗಡಿಯವರು ಕಪಾಟಿಗೆ ಅಂಟಿಸುವ ಚೀಟಿಯೆಂದೂ, ಇಲ್ಲಿ ಎಲ್ಲರೂ ಅದನ್ನು ಟ್ರ್ಯಾಡ್, ಅಂದರೆ ಟ್ರೆಡಿಷನಲ್, ಎನ್ನುತ್ತಾರೆಂದೂ ಇನ್ನೊಬ್ಬರು ಆ ತಿದ್ದುಪಡಿಯನ್ನೇ ತಿದ್ದಿದರು. ಆಗ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸಹೋದ್ಯೋಗಿಯೊಬ್ಬಳು ಚಮಚ ಕೆಳಗಿಟ್ಟು, ಹಾಗಾದರೆ ನಾವೇನು ಆ ಪ್ರಾಚೀನ ಕೆಲ್ಟ್ ಜನಾಂಗದವರಲ್ಲವೇ, 1971ರಲ್ಲಿ ನಮ್ಮ ಅಲನ್ ಸ್ಟಿವೆಲ್ ಕೆಲ್ಟಿಕ್ ಹಾರ್ಪಿನ ಪುನರುತ್ಥಾನವೆಂದೇ ಹೆಸರಿಟ್ಟು ಆಲ್ಬಂ ತಂದಿರಲಿಲ್ಲವೇ, ಅದೇ ವರ್ಷ ನಮ್ಮ ಲೋರಿಯಾಂ ಪಟ್ಟಣದಲ್ಲಿ ಶುರುವಾದ ಉತ್ಸವಕ್ಕೆ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡಿನವರಷ್ಟೇ ಅಲ್ಲದೆ ಸ್ಪೇನಿನ ಗಲೀಸಿಯಾದವರೂ ಬರುವುದಿಲ್ಲವೇ, ಎಂದು ವಾದಕ್ಕಿಳಿದಳು. ಎನ್ಯಾ ಹೆಸರನ್ನು ನಾನು ಹೇಳಿದಾಗಲಂತೂ ಮೇಜಿನ ಸುತ್ತ ಒಂದು ಬಗೆಯ ಶೋಕಾಚರಣೆಯ ಮೌನ ಆವರಿಸಿತು. "ಆಕೆಯ ಅಣ್ಣಂದಿರು, ಅಕ್ಕ, ಸೋದರಮಾವಂದಿರ ತಂಡ ಕ್ಲಾನಡ್ ಇದೆಯಲ್ಲ, ಅದರ ಮೊದಲಿನ ಆಲ್ಬಂಗಳನ್ನಾದರೂ ಕೇಳಬಾರದಿತ್ತೇ" ಎಂದು ಕೊನೆಗೆ ಯಾರೋ ಮೆಲ್ಲಗೆ ಸಾಂತ್ವನ ಹೇಳಿದರು.

ಮದುವೆಮನೆಯಲ್ಲಿ ನೆಗಡಿಯಾಗಿದೆ ಎಂದು ಬಾಯಿತಪ್ಪಿ ಹೇಳಿದವನ ಪಾಡು ನಿಮಗೆ ಗೊತ್ತಿರಬಹುದು. ಒಬ್ಬರು ಮೆಣಸಿನ ಕಷಾಯ ಎನ್ನುತ್ತಾರೆ, ಇನ್ನೊಬ್ಬರು ಮೆಣಸು ಮುಟ್ಟಿದಿರೋ ಎದೆ ಸುಟ್ಟೀತು, ದೊಡ್ಡಪತ್ರೆಯೇ ಸರಿ ಎನ್ನುತ್ತಾರೆ. ತನ್ನ ಮದ್ದು ಒಳ್ಳೆಯದೆಂದಷ್ಟೇ ಹೇಳಿ ಸುಮ್ಮನಾಗುವ ವೈದ್ಯ ಅಲ್ಲಿ ಸಿಗುವುದಿಲ್ಲ. ಟ್ರ್ಯಾಡ್ ಸಂಗೀತದ ಅಭಿಮಾನಿಗಳೂ ಅದೇ ಗೋತ್ರದವರು. ಪ್ಲಾಂಕ್ಸ್ಟಿ ತಂಡದ 1973ರ ಮೊದಲ ಆಲ್ಬಂ, ಹೊದಿಕೆಯ ಬಣ್ಣದಿಂದಾಗಿ ಕಪ್ಪು ಆಲ್ಬಂ ಎಂದೇ ಹೆಸರಾದದ್ದು, ಅದನ್ನು ಕೇಳದೆ ಮುಂದೆ ಹೆಜ್ಜೆಯಿಡಬೇಡಿ ಎಂದು ಗೆಳೆಯನೊಬ್ಬ ಅಪ್ಪಣೆ ಕೊಡಿಸಿದ. ಗ್ರೀಸಿನ ಬುಜೂಕಿ ವಾದ್ಯವನ್ನು ತಂದು ಐರಿಷ್ ಹಾಡಿಗೆ ಕಟ್ಟಿದ ಆ ಹುಡುಗರ ಮಾತೇಕೆ ಎಂದು ಪಕ್ಕದ ಮನೆಯ ಯಜಮಾನರು ಅದನ್ನು ಅಲ್ಲಿಯೇ ತಳ್ಳಿಹಾಕಿದರು. ಕ್ಲೇರ್ ಕೌಂಟಿಯಿಂದ ಬಂದು, ಅಂಚೆಯವರಾಗಿದ್ದು ನಿವೃತ್ತರಾದ ಈ ಹಿರಿಯರ ಪ್ರಕಾರ 1959ರಲ್ಲಿ ಲಿಯೋ ರೌಸಮ್ ನುಡಿಸಿದ 'ರೀ ನಾ ಬೀಬರೀ', ಅಂದರೆ ಪೈಪು ನುಡಿಸುವವರ ಅರಸ ಎಂಬ ಆಲ್ಬಂ ಬಂದ ಮೇಲೆ ಬೇರೆಯವರು ಆಲ್ಬಂ ಮಾಡುವ ಅಗತ್ಯವೇ ಇರಲಿಲ್ಲ. ಒತ್ತಾಯಿಸಿ ಕೇಳಿದ್ದಕ್ಕೆ, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಪಿಟೀಲು ನುಡಿಸಿ ತಟ್ಟೆಗಳಿಗೆ ಧ್ವನಿಮುದ್ರಿಸಿದ ಸ್ಲೈಗೋದ ಮೈಕಲ್ ಕೋಲ್ಮನ್ ಒಬ್ಬನಿಗೆ ವಿನಾಯಿತಿ ಕೊಟ್ಟರು.

ಅವರ ಮನೆಯಲ್ಲಿಯೇ ನಾನು ಇಲನ್ ಪೈಪನ್ನು ಮೊದಲ ಬಾರಿಗೆ ಕೇಳಿದೆ. ಬಾಯಿಂದ ಊದುವ ಸ್ಕಾಟಿಷ್ ಬ್ಯಾಗ್‌ಪೈಪಿನಂತಲ್ಲದೆ, ಇದಕ್ಕೆ ಮೊಣಕೈ ಕೆಳಗೆ ಕಟ್ಟಿಕೊಂಡ, ನಮ್ಮ ಕಮ್ಮಾರರ ತಿದಿಯ ಮರಿಯಂಥ ಒಂದು ತಿದಿಯಿಂದ ಗಾಳಿ ತುಂಬುತ್ತಾರೆ. ಐರಿಷ್ ಭಾಷೆಯಲ್ಲಿ ಮೊಣಕೈ ಎಂಬ ಅರ್ಥದ ಶಬ್ದವೇ ಅದರ ಹೆಸರಾಗಿದೆ. ಏಳು ವರ್ಷ ಕಲಿಕೆ, ಏಳು ವರ್ಷ ಅಭ್ಯಾಸ, ಏಳು ವರ್ಷ ನುಡಿಸಾಟ, ಹೀಗೆ ಇಪ್ಪತ್ತೊಂದು ವರ್ಷವಾಗದೆ ಯಾರೂ ಪೈಪಿನವರಾಗುವುದಿಲ್ಲವೆಂದು ಅಲ್ಲಿ ಮಾತಿದೆ. ಯುನೆಸ್ಕೊ 2017ರಲ್ಲಿ ಈ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಯಾಚೆಯಿಂದ ಅದನ್ನು ಕೇಳಿಸಿಕೊಂಡ ನನ್ನ ಹೆಂಡತಿ, ಕುಕ್ಕರ್ ಕೂಗುತ್ತಿದೆಯೆಂದು ತಿಳಿದು ಎರಡು ಸಲ ಒಲೆ ಆರಿಸಿದ್ದರಿಂದ ಅಂದು ರಾತ್ರಿ ನಾವು ಅರೆಬೆಂದ ಬೇಳೆಯ ಸಾರು ಉಂಡೆವು.

ಚೀಟಿಗಳು ಹೆಚ್ಚಿದಂತೆ ಅನಾಹುತಗಳೂ ಹೆಚ್ಚಿದವು. "ಮೊದಲು ಚೀಫ್‌ಟನ್ಸ್ ನಾಲ್ಕು ತೆಗೆದುಕೊಳ್ಳಿ" ಎಂದು ಲೆಕ್ಕಪತ್ರ ವಿಭಾಗದ ಹಿರಿಯರು ಹೇಳಿದ್ದರು. ಪ್ಯಾಡಿ ಮಲೋನಿ 1962ರಲ್ಲಿ ಕಟ್ಟಿದ ಆ ತಂಡ ತನ್ನ ಆಲ್ಬಂಗಳಿಗೆ ಸರ್ಕಾರಿ ಕಡತಗಳಂತೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತಿತ್ತೆಂಬುದು ನನಗೆ ಹೇಗೆ ತಿಳಿಯಬೇಕು? ಹೊಸಬನಿಗೆ ಇಷ್ಟು ದೊಡ್ಡ ಖರ್ಚು ಹೇಳುತ್ತಾರಲ್ಲ ಎಂದು ಗೊಣಗಿಕೊಂಡು, ಹಿರಿಯರ ಮಾತು ಮೀರಬಾರದೆಂದು, ಚೀಫ್‌ಟನ್ಸರ ಆಲ್ಬಂಗಳಲ್ಲಿ ಕೈಗೆ ಸಿಕ್ಕ ನಾಲ್ಕನ್ನು ಕೊಂಡು ತಂದೆ. ಒಂದು, ಮೂರು, ಏಳು, ಎಂಟು. ಹಿರಿಯರು ಹೇಳಿದ್ದ ನಾಲ್ಕನೆಯದೊಂದು ಮಾತ್ರ ಅವುಗಳಲ್ಲಿರಲಿಲ್ಲ. ಶಾನ್ ಓ ರೀಯಡಾ ಸಂಯೋಜಿಸಿದ 'ಐರ್ಲೆಂಡಿನ ಹೆಂಗಸರು' ಎಂಬ ಅಪೂರ್ವ ಧಾಟಿ ಇರುವುದು 1973ರ ಆ ನಾಲ್ಕರಲ್ಲಿಯೇ. ಮರುದಿನ ಹಿರಿಯರು, "ಆ ಹೆಂಗಸರ ಧಾಟಿ ಹೇಗಿತ್ತು" ಎಂದು ಕೇಳಿದರು. ನಾನು ಏಳನೆಯದರಲ್ಲಿ ಯಾವುದೋ ಚುರುಕಾದ ಕುಣಿತದ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು, "ಕೇಳಿದರೆ ಎದ್ದು ಕುಣಿಯುವಂತಾಗುತ್ತದೆ" ಎಂದೆ. ಆ ಧಾಟಿಯನ್ನು ಕೇಳಿ ಅತ್ತವರನ್ನು ಅವರು ಕಂಡಿದ್ದರಂತೆ, ಕುಣಿಯಹೊರಟವನನ್ನು ಕಂಡದ್ದು ಅದೇ ಮೊದಲಂತೆ.

ಹೆಸರುಗಳ ಕಥೆ ಇನ್ನೂ ಘೋರವಾದದ್ದು. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯಲ್ಲಿ ಬೆಳೆದ ನನಗೆ, ಐರಿಷ್ ಹೆಸರಿನಲ್ಲಿ ಅರ್ಧಕ್ಕರ್ಧ ಅಕ್ಷರಗಳು ಮದುವೆಗೆ ಬಂದು ಉಣ್ಣದೆ ಹೋಗುವ ಬೀಗರಂತೆ ಸುಮ್ಮನೆ ಕುಳಿತಿರುತ್ತವೆಂಬುದು ಅರಗಲಿಲ್ಲ. ಬಾಥಿ ಬ್ಯಾಂಡಿನಲ್ಲಿ ಟ್ರೀನಾ ನೀ ಗೋನಲ್ ಎಂಬ ಗಾಯಕಿ, ಮೀಹಾಲ್ ಓ ಡೋನಲ್ ಎಂಬ ಗಿಟಾರ್ ವಾದಕ ಇದ್ದರು. ಬೇರೆ ಬೇರೆ ಮನೆತನದವರು ಸೇರಿ ಇಷ್ಟು ಸೊಗಸಾಗಿ ಹಾಡಬೇಕಾದರೆ ಪ್ರೇಮವಿವಾಹವೇ ಇರಬೇಕೆಂದು ಊಹಿಸಿ, ಅದನ್ನು ನಾಲ್ಕು ಜನರ ಮುಂದೆ ಮೆಚ್ಚುಗೆಯಿಂದ ಹೇಳಿಯೂಬಿಟ್ಟೆ. ಅವರು ಒಡಹುಟ್ಟಿದ ಅಣ್ಣತಂಗಿಯರು. ಹೆಣ್ಣುಮಕ್ಕಳ ಹೆಸರಿನಲ್ಲಿ 'ಓ' ಹೋಗಿ 'ನೀ' ಬರುತ್ತದೆ, ಅದು ಬಂದಾಗ ಮುಂದಿನ ಅಕ್ಷರ ಮೆತ್ತಗಾಗುತ್ತದೆ, ಅಷ್ಟೇ. ಮಳೆಯ ಮುಂದೆ ಕಾಲ ಬಂದರೆ ಮಳೆಗಾಲವಾಗುವ ಆದೇಶ ಸಂಧಿಗೆ ಹೈಸ್ಕೂಲಿನಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದವನು, ಪರದೇಶದಲ್ಲಿ ಒಂದು ಸಂಧಿಯನ್ನು ಗುರುತಿಸಲಾರದೆ ಅಣ್ಣತಂಗಿಯರಿಗೆ ಮದುವೆ ಮಾಡಿಸಿದ್ದೆ.

ಇದಾದ ಮೇಲೆ ಮಾತಿಗಿಂತ ಕಿವಿಯೇ ಮೇಲೆಂದು ನಿಶ್ಚಯಿಸಿ, ಆಲ್ಬಂಗಳ ವಿವರ ಪುಟಗಳನ್ನು ಶ್ರದ್ಧೆಯಿಂದ ಓದತೊಡಗಿದೆ. ಎಲ್ಲ ತಂಡಗಳೂ ಎಲ್ಲ ಕಾಲದಲ್ಲಿಯೂ 'ಗನ್ ಆನಿಮ್' ಎಂಬೊಂದು ಹೆಸರನ್ನು ಹಾಕಿಕೊಂಡಿರುವುದು ಕಣ್ಣಿಗೆ ಬಿತ್ತು. ಕುಣಿತದ ಧಾಟಿಗಳಾದ ರೀಲ್ ಇರಲಿ, ಜಿಗ್ ಇರಲಿ, ಹಾರ್ನ್‌ಪೈಪ್ ಇರಲಿ, ಅಲ್ಲೆಲ್ಲ ಈ ಮಹಾನುಭಾವನಿದ್ದ. ಪಕ್ಕದ ಮನೆಯ ಯಜಮಾನರನ್ನು ಕಂಡು, ನೀವೆಲ್ಲ ಬೇರೆ ಬೇರೆ ಹೆಸರು ಹೇಳುತ್ತೀರಿ, ಆದರೆ ನಿಮ್ಮ ನಾಡಿನ ಅತಿದೊಡ್ಡ ಸಂಯೋಜಕ ಗನ್ ಆನಿಮ್ ಅವರ ಬಗ್ಗೆ ಒಬ್ಬರೂ ಬಾಯಿಬಿಡುವುದಿಲ್ಲವಲ್ಲ, ಅವರದೇ ಪ್ರತ್ಯೇಕ ಆಲ್ಬಂ ಯಾವುದಿದೆ, ಎಂದು ಸ್ವಲ್ಪ ಆಕ್ಷೇಪಣೆಯ ಧ್ವನಿಯಲ್ಲಿಯೇ ಕೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಆ ಎರಡು ಶಬ್ದಗಳಿಗೆ ಐರಿಷ್ ಭಾಷೆಯಲ್ಲಿ 'ಹೆಸರಿಲ್ಲದ್ದು' ಎಂದರ್ಥವೆಂದು ತಿಳಿಸಿದರು.

ಯಜಮಾನರು ಕನಿಕರಪಟ್ಟು, ಆಲ್ಬಂಗಳು ಉಪ್ಪಿನಕಾಯಿ ಇದ್ದ ಹಾಗೆ, ಊಟ ಬೇಕಾದರೆ ಸೆಷನ್ನಿಗೆ ಬನ್ನಿ ಎಂದು ಒಂದು ಪಬ್ಬಿಗೆ ಕರೆದೊಯ್ದರು. ಮೂಲೆಯ ಮೇಜಿನ ಸುತ್ತ ಆರೇಳು ಜನ ಕುಳಿತು, ವೇದಿಕೆಯೂ ಮೈಕೂ ಇಲ್ಲದೆ, ಪಿಟೀಲು, ಕೊಳಲು, ಕನ್ಸರ್ಟಿನಾ ನುಡಿಸುತ್ತಿದ್ದರು. ರೀಲ್ ನಾಲ್ಕರ ಲೆಕ್ಕದ್ದು. ಎಂಟು ಅಳತೆಯ ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಎರಡು ಸಲ, ಹೀಗೆ ಇಡೀ ಧಾಟಿ ಎರಡು ಮೂರು ಆವರ್ತ ಬಂದು, ಉಸಿರು ತೆಗೆದುಕೊಳ್ಳದೆ ಇನ್ನೊಂದು ಧಾಟಿಗೆ ಹಾರುತ್ತದೆ. ಆದಿತಾಳಕ್ಕೆ ಇದಕ್ಕಿಂತ ಒಳ್ಳೆಯ ಅನ್ನವುಂಟೇ! ನಾನು ಮೈಮರೆತು ಮೇಜಿನ ಮೇಲೆ ಅಂಗೈ ತಟ್ಟಿ, ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಸಿ, ಮತ್ತೆ ತಟ್ಟಿ, ಕೈ ಮಗುಚಿ ತಾಳ ಹಾಕತೊಡಗಿದೆ. ದೂರದಲ್ಲಿ ನಿಂತಿದ್ದ ಪಬ್ಬಿನ ಹುಡುಗನಿಗೆ ಕಂಡದ್ದು ಇಷ್ಟು: ಗಿರಾಕಿಯೊಬ್ಬ ಮೇಜು ಬಡಿಯುತ್ತಿದ್ದಾನೆ, ಮೂರು ಬೆರಳು ಎಣಿಸಿ ತೋರಿಸುತ್ತಿದ್ದಾನೆ, ಮತ್ತೆ ಬಡಿದು, ಎಲ್ಲಿ ಎಂದು ಅಂಗೈ ಚಾಚುತ್ತಿದ್ದಾನೆ. ಆತ ಮೂರು ಪೈಂಟ್ ಗಿನ್ನೆಸ್ ತಂದಿಟ್ಟ. ಮದ್ಯ ಮುಟ್ಟದ ನಾನು ಗಾಬರಿಯಾಗಿ ಅವನ್ನು ವಾದಕರ ಕಡೆಗೆ ಸರಿಸಿದೆ. ಅವರು ತಲೆಬಾಗಿ ವಂದಿಸಿ, ಇನ್ನಷ್ಟು ಹುರುಪಿನಿಂದ ಮುಂದಿನ ರೀಲನ್ನು ಎತ್ತಿಕೊಂಡರು. ನನ್ನ ಕೈ ನನ್ನ ಹತೋಟಿಯಲ್ಲಿರಲಿಲ್ಲ. ಇನ್ನೂ ಮೂರು ಬಂದವು. ಒಂಬತ್ತರ ಲೆಕ್ಕದ ಸ್ಲಿಪ್ ಜಿಗ್ ಬಂದು ನನ್ನ ತಾಳ ತಪ್ಪದೇ ಹೋಗಿದ್ದರೆ ಆ ತಿಂಗಳ ಬಾಡಿಗೆಗೂ ಸಂಚಕಾರ ಬರುತ್ತಿತ್ತು.

ಈ ಔದಾರ್ಯದ ಫಲವಾಗಿ, ವಾದಕರೆಲ್ಲ ನನ್ನನ್ನು ಸುತ್ತುವರಿದು ಒಬ್ಬೊಬ್ಬರು ಒಂದೊಂದು ಆಲ್ಬಂ ಹೇಳಿದರು. ಮೇರಿ ಬರ್ಗಿನ್ ಅವರ 1979ರ ತಗಡಿನ ಕೊಳಲಿನ ಆಲ್ಬಂ. ಡಬ್ಲಿನ್ನಿನ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತ ಪಿಟೀಲು ನುಡಿಸುತ್ತಿದ್ದ ಟಾಮಿ ಪಾಟ್ಸ್ ಅವರ 1972ರ 'ಲಿಫಿ ಬ್ಯಾಂಕ್ಸ್'. ಸ್ಕಾಟ್ಲೆಂಡಿನ ಡಿಕ್ ಗಾಹನ್ ಅವರ 1981ರ 'ಹ್ಯಾಂಡ್‌ಫುಲ್ ಆಫ್ ಅರ್ತ್'. ಮಾರ್ಟಿನ್ ಹೇಯ್ಸ್ ಮತ್ತು ಡೆನಿಸ್ ಕಾಹಿಲ್ ಸಿಯಾಟಲ್‌ನಲ್ಲಿ ನುಡಿಸಿದ 1999ರ ಆಲ್ಬಂ ಹೇಳಿದವನು, ಅದರಲ್ಲಿ ಸುಮಾರು 28 ನಿಮಿಷ ಎಡೆಬಿಡದೆ ಸಾಗುವ ಒಂದು ಧಾಟಿಗಳ ಮಾಲೆಯಿದೆ, ಟ್ರಾಮಿನಲ್ಲಿ ಮಾತ್ರ ಕೇಳಬೇಡಿ ಎಂದು ಎಚ್ಚರಿಸಿದ್ದ. ನಾನು ಟ್ರಾಮಿನಲ್ಲಿಯೇ ಕೇಳಿದೆ. ಮುಗಿಯುವ ವೇಳೆಗೆ ಟ್ರಾಮು ಕೊನೆಯ ನಿಲ್ದಾಣ ತಲುಪಿ, ಹಿಂದಿರುಗಿ ಹೊರಟಿತ್ತು.

ಆ ವರ್ಷದ ಬೇಸಿಗೆಯಲ್ಲಿ ಅಮ್ಮ ಬಂದರು. ಒಂದು ಸಂಜೆ ಯಜಮಾನರು ಹಿತ್ತಲಿನಲ್ಲಿ ಕುಳಿತು ತಮ್ಮ ತಗಡಿನ ಕೊಳಲಿನಲ್ಲಿ ಒಂದು ಹಳೆಯ ಧಾಟಿಯನ್ನು ನುಡಿಸುತ್ತಿದ್ದಾಗ, ಒಣಗಿದ ಬಟ್ಟೆ ಮಡಿಸುತ್ತಿದ್ದ ಅಮ್ಮ ತಟ್ಟನೆ "ವಂದೇ ಮೀನಾಕ್ಷಿ" ಎಂದು ಅದರ ಜೊತೆಗೆ ಹಾಡತೊಡಗಿದರು. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆಯ ಇಂಗ್ಲಿಷರ ಬ್ಯಾಂಡಿನಿಂದ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದ ನೋಟುಸ್ವರಗಳಲ್ಲಿ ಅದೊಂದು, ಮತ್ತು ಆ ಧಾಟಿಯ ಹೆಸರು ಲಿಮರಿಕ್. ಯಜಮಾನರ ಊರಿನ ಪಕ್ಕದ ಕೌಂಟಿ. ಅವರು ಕೊಳಲು ಕೆಳಗಿಟ್ಟು, ಬೇಲಿಯ ಬಳಿ ಬಂದು, ಟೋಪಿ ತೆಗೆದು, "ನಿಮ್ಮ ಸಂಗೀತದ್ದೂ ಒಂದು ಒಳ್ಳೆಯ ಆಲ್ಬಂ ಹೇಳಿ" ಎಂದು ಕೇಳಿದರು.

"ಮೊದಲು ಚೌಡಯ್ಯನವರ ಏಳು ತಂತಿಯ ಪಿಟೀಲು ಕೇಳಲಿ, ಪಿಟೀಲಿನ ಊರಿನವರಲ್ಲವೇ" ಎಂದರು ಅಮ್ಮ. ಪಿಟೀಲು ಅವರಿಗೆ ಗೊತ್ತೇ ಇದೆಯಲ್ಲಮ್ಮ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಹೇಳೋಣ ಎಂದು ನಾನೆಂದೆ. ಧಾರವಾಡದ ನನ್ನ ಹೆಂಡತಿ ಒಳಗಿನಿಂದಲೇ, "ಮನ್ಸೂರರನ್ನ ಬಿಟ್ಟು ಎಲ್ಲಿ ಹೊಂಟೀರಿ ನೀವು ತಾಯಿ ಮಗ?" ಎಂದು ಕೂಗಿದಳು. ಅರ್ಧ ಗಂಟೆಯ ನಂತರ ಯಜಮಾನರ ಕೈಯಲ್ಲಿದ್ದ ಲಕೋಟೆಯ ಎರಡೂ ಬದಿ ತುಂಬಿತ್ತು, ಮೂರು ಹೆಸರುಗಳನ್ನು ಹೊಡೆದುಹಾಕಲಾಗಿತ್ತು, ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಯಜಮಾನರು ಬೇಲಿಯ ಆಚೆಯಿಂದ ಬೀದಿಗೆಲ್ಲ ಕೇಳುವಂತೆ ಅಮ್ಮನನ್ನು ಉದ್ದೇಶಿಸಿ, "ನಿನ್ನೆ ರಾತ್ರಿಯೆಲ್ಲ ನಿಮ್ಮ ಚೌಡರ್‌ದೇ ಸಮಾರಾಧನೆ! ಇಂಥ ಚೌಡರ್ ನನ್ನ ಜನ್ಮದಲ್ಲಿ ಕಂಡಿರಲಿಲ್ಲ" ಎಂದು ಕೊಂಡಾಡಿದರು. ಚೌಡರ್ ಎಂದರೆ ಅಲ್ಲಿ ಮೀನು, ಕಪ್ಪೆಚಿಪ್ಪು, ಹಾಲಿನ ಕೆನೆ ಹಾಕಿ ಕುದಿಸುವ ಗಟ್ಟಿ ಸಾರು. ಏಕಾದಶಿಯ ದಿನ ಈರುಳ್ಳಿ ಕತ್ತರಿಸಿದ ಚಾಕುವನ್ನೂ ಮುಟ್ಟದ ಅಮ್ಮ, ಮೆಚ್ಚುಗೆಯೆಂಬುದನ್ನಷ್ಟೇ ಗ್ರಹಿಸಿ, ಕೈಮುಗಿದು ನಕ್ಕರು. ಹನ್ನೊಂದು ಗಂಟೆಗೆ ಎದುರು ಮನೆಯ ಹೆಂಗಸು, ಕೈಯಲ್ಲಿ ಪೆನ್ನು ಕಾಗದ ಹಿಡಿದು, ಅದನ್ನು ಮಾಡುವ ಬಗೆಯನ್ನು ಬರೆದುಕೊಳ್ಳಲು ಬಾಗಿಲು ತಟ್ಟಿದರು. ಅವರ ಪ್ರಶ್ನೆಯನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ನನ್ನದಾಗಿತ್ತು.