ಈಜುಕೊಳಕ್ಕಿಂತ ಮೊದಲು ಲಾಯದ ಗಾಳಿ

ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಪಂದ್ಯದ ಕುದುರೆಗಳಿಗಿರುವ ಸೌಲಭ್ಯಗಳ ಕುರಿತು ನಾನು ಓದಿದ ಲೇಖನವೊಂದು ಈಜುಕೊಳ, ಟ್ರೆಡ್‌ಮಿಲ್‌ಗಳನ್ನು ಬಹಳವಾಗಿ ಮೆಚ್ಚಿಕೊಂಡಿದೆ. ಲಾಯದ ಗಾಳಿಯ ಬಗ್ಗೆ ಒಂದು ಸಾಲೂ ಇಲ್ಲ. ಕುದುರೆ ಬಾಯಿಯಿಂದ ಉಸಿರಾಡಲಾರದು, ಓಟಕ್ಕೆ ಬೇಕಾದ ಗಾಳಿಯೆಲ್ಲ ಮೂಗಿನಿಂದಲೇ ಹೋಗಬೇಕು. ಹೀಗಿರುವಾಗ, ದಿನದ ಬಹುಪಾಲು ಅದು ನಿಂತಿರುವ ಕೋಣೆಯಲ್ಲಿ ಒಣಹುಲ್ಲಿನ ದೂಳೂ ಮೂತ್ರದ ಅಮೋನಿಯಾವೂ ತುಂಬಿದ್ದರೆ, ಎಷ್ಟೇ ದುಬಾರಿ ಯಂತ್ರಗಳಿದ್ದರೂ ಶ್ವಾಸಕೋಶ ಸೊರಗುತ್ತದೆ. ದೂಳು ಏಳದಂತೆ ಹುಲ್ಲನ್ನು ನೆನೆಸಿ ಹಾಕುವುದಕ್ಕೆ ಹೆಚ್ಚು ಖರ್ಚೂ ಇಲ್ಲ.

ಈಜು ಗಾಯಗೊಂಡ ಕಾಲಿಗೆ ಒಳ್ಳೆಯದು, ಏಕೆಂದರೆ ನೀರಿನಲ್ಲಿ ಅದರ ಮೇಲೆ ಭಾರ ಬೀಳುವುದಿಲ್ಲ. ಆದರೆ ಎರಡು ವರ್ಷದ ಎಳೆಯ ಕುದುರೆಯ ಮೂಳೆ ಗಟ್ಟಿಯಾಗುವುದು ನೆಲದ ಹೊಡೆತದಿಂದಲೇ. ನ್ಯೂಮಾರ್ಕೆಟ್‌ನಲ್ಲಿ ಕುದುರೆಗಳು ತಾಲೀಮು ಮಾಡುವ ವಾರನ್ ಹಿಲ್ ಗುಡ್ಡದ ಏರುದಾರಿಯ ಗುಟ್ಟೂ ಲೇಖನದಲ್ಲಿ ಬಂದಿಲ್ಲ: ಏರಿನಲ್ಲಿ ಕಡಿಮೆ ವೇಗದಲ್ಲೇ ಹೃದಯಕ್ಕೆ ಸಾಕಷ್ಟು ಕೆಲಸ ಸಿಗುತ್ತದೆ, ಮುಂಗಾಲುಗಳಿಗೆ ಪೆಟ್ಟು ಕಡಿಮೆ.

ಇನ್ನು ಕುದುರೆ ಪಾಲಕರು, ನಮ್ಮ ಕಡೆ ಸೈಸ್ ಎನ್ನುತ್ತೇವೆ. ನಸುಕಿನಲ್ಲಿ ಬಾಗಿ, ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನ) ಮೇಲೆ ಅಂಗೈ ಜಾರಿಸಿ, ಗಾಯದ ಸುಳಿವಿಗಾಗಿ ಎರಡೂ ಕಾಲುಗಳ ಬಿಸಿಯನ್ನು ಹೋಲಿಸಿ ನೋಡುವವರು ಅವರೇ. ಸ್ಕ್ಯಾನಿಂಗ್ ಯಂತ್ರದ ಸರದಿ ಬರುವುದು ಆಮೇಲೆ. ಅವರ ವಸತಿ ಹೇಗಿದೆ ಎಂಬುದನ್ನೂ ಸೌಲಭ್ಯಗಳ ಸಾಲಿನಲ್ಲಿ ಬರೆಯಬೇಕಿತ್ತು.